ದುಡ್ಡೋ, ಸಮಯವೋ, ರಕ್ತವೋ? ಸಮಾಜಕ್ಕೆ ಏನು ಕೊಡಬೇಕೆಂದು ಆರಿಸಿಕೊಳ್ಳುವ ಬಗೆ

"ಏನಾದ್ರೂ ಮಾಡ್ಬೇಕು ಅನ್ಸುತ್ತೆ, ಆದ್ರೆ ಏನು ಮಾಡೋದು ಅಂತ ಗೊತ್ತಾಗಲ್ಲ" ಎನ್ನುವವರು ಬಹಳ ಜನ. ಮನಸ್ಸಿದೆ. ತಿಂಗಳಿಗೆ ಒಂದೆರಡು ಸಾವಿರ ರೂಪಾಯಿ ತೆಗೆದಿಡಬಹುದು. ವಾರಕ್ಕೆ ಅರ್ಧ ದಿನ ಬಿಡುವೂ ಇದೆ. ದಾರಿಗಳಿಗೂ ಕೊರತೆ ಇಲ್ಲ: ರಕ್ತದಾನ, ಅನ್ನದಾನ, ಸರ್ಕಾರಿ ಶಾಲೆ, ಗಿಡ ನೆಡುವುದು, ಕೆರೆ, ವೃದ್ಧಾಶ್ರಮ, ಪರಿಹಾರ ನಿಧಿ. ಕೊನೆಗೆ ಯಾರೋ ಗೆಳೆಯರು ವಾಟ್ಸಾಪ್‌ನಲ್ಲಿ ಕಳಿಸಿದ ಕ್ಯೂಆರ್ ಕೋಡ್‌ಗೆ ಐನೂರು ರೂಪಾಯಿ ಹಾಕಿ ಸುಮ್ಮನಾಗುತ್ತೇವೆ.

ಆರಿಸಿಕೊಳ್ಳಲು ನಾನು ಬಳಸುವ ಅಳತೆ ಒಂದೇ. ಆ ಕಡೆಯವರಿಗೆ ಬೇಕಾಗಿರುವುದು ದುಡ್ಡು ಕೊಟ್ಟರೆ ಸಿಗುತ್ತದಾ? ಸಿಗುವುದಾದರೆ ದುಡ್ಡೇ ಕೊಡಿ, ನೀವು ಹೋಗಬೇಕಾಗಿಲ್ಲ. ಸಿಗುವುದಿಲ್ಲ ಎಂದಾದರೆ ಅಲ್ಲಿ ನೀವೇ ಬೇಕು. ಸರ್ಕಾರಿ ಶಾಲೆಯ ಕಾಂಪೌಂಡಿಗೆ ಬಣ್ಣ ಹೊಡೆಯಲು ಇಪ್ಪತ್ತು ಜನ ಕಂಪನಿ ಟೀ ಶರ್ಟ್ ಹಾಕಿಕೊಂಡು ಬಸ್ಸಿನಲ್ಲಿ ಹೋಗುವುದನ್ನು ನೋಡಿರುತ್ತೀರಿ. ಅದೇ ಊರಿನ ಪೇಂಟರ್‌ಗೆ ಎರಡು ದಿನದ ಕೂಲಿ ಕೊಟ್ಟಿದ್ದರೆ ಗೋಡೆ ಇನ್ನೂ ಚೆನ್ನಾಗಿ ಆಗುತ್ತಿತ್ತು, ಅವರ ಮನೆಗೂ ಎರಡು ದಿನದ ದುಡಿಮೆ ಸಿಗುತ್ತಿತ್ತು. ಹೋದವರಿಗೆ ಖುಷಿಯಾಯಿತು, ಅದೂ ನಿಜ. ಆ ಖುಷಿಯನ್ನು ಪಿಕ್ನಿಕ್ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ಈ ಅಳತೆ ಕೈಯಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ರಕ್ತ: ದುಡ್ಡಿಗೆ ಸಿಗದ್ದು, ಸಿಗಬಾರದ್ದು

ಆರೋಗ್ಯವಾಗಿದ್ದು, ಯಾವುದರಿಂದ ಶುರು ಮಾಡಲಿ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ರಕ್ತದಾನ. ರಕ್ತವನ್ನು ತಯಾರಿಸಲು ಆಗುವುದಿಲ್ಲ, ಮಾರುವಂತೆಯೂ ಇಲ್ಲ. ದುಡ್ಡಿಗೆ ರಕ್ತ ಕೊಡುವುದನ್ನು ನಿಲ್ಲಿಸಲು 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. 1998ರ ಜನವರಿ 1ರಿಂದ ಅದು ನಿಷೇಧವಾಯಿತು. ಬ್ಲಡ್ ಬ್ಯಾಂಕ್‌ನಲ್ಲಿ ನಾವು ಕಟ್ಟುವ ಹಣ ಪರೀಕ್ಷೆ, ಬೇರ್ಪಡಿಕೆ, ಶೇಖರಣೆಯ ಖರ್ಚು ಅಷ್ಟೇ.

ಯಾರು ಕೊಡಬಹುದು? 18ರಿಂದ 65 ವರ್ಷ, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಮೊದಲ ಸಲ ಕೊಡುವವರು 60 ದಾಟಿರಬಾರದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ತೆಗೆಯುವುದು 350 ಮಿ.ಲೀ., ತೂಕ 55 ಕೆ.ಜಿ. ಮೀರಿದ್ದರೆ 450. ಹಚ್ಚೆ ಹಾಕಿಸಿಕೊಂಡು ವರ್ಷ ಆಗಿಲ್ಲದಿದ್ದರೆ ವಾಪಸ್ ಕಳಿಸುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲಿ ಕೊಡುವುದು, ಯಾವಾಗ ಕೊಡುವುದು ಎನ್ನುವುದು ಎಷ್ಟು ಮುಖ್ಯ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಚೀಲ ರಕ್ತವನ್ನು ಮೂರು ಭಾಗ ಮಾಡುತ್ತಾರೆ. ಕೆಂಪು ಕಣಗಳು 35ರಿಂದ 42 ದಿನ ಇರುತ್ತವೆ. ರಕ್ತದ ದ್ರವ ಭಾಗವಾದ ಪ್ಲಾಸ್ಮಾವನ್ನು ಫ್ರೀಜ್ ಮಾಡಿ ಒಂದು ವರ್ಷ ಇಡಬಹುದು. ಪ್ಲೇಟ್‌ಲೆಟ್ (ರಕ್ತಸ್ರಾವ ನಿಲ್ಲಿಸುವ ಕಣಗಳು) ಮಾತ್ರ ಐದೇ ದಿನ. ಈಗ ನಾಯಕರ ಹುಟ್ಟುಹಬ್ಬ, ನಟರ ಹುಟ್ಟುಹಬ್ಬ, ಗಾಂಧಿ ಜಯಂತಿ ನೆನಪಿಸಿಕೊಳ್ಳಿ. ಒಂದೇ ದಿನ ಊರ ತುಂಬಾ ಶಿಬಿರ, ಚೀಲದ ಮೇಲೆ ಚೀಲ. ಐದು ದಿನದಲ್ಲಿ ಬಳಕೆಯಾಗದ ಪ್ಲೇಟ್‌ಲೆಟ್ ಚೆಲ್ಲಬೇಕು. ಅದೇ ಏಪ್ರಿಲ್, ಮೇ ಬಂದರೆ ಕಾಲೇಜಿಗೆ ರಜೆ, ಶಿಬಿರಗಳಿಲ್ಲ, ಕಪಾಟು ಖಾಲಿ. ಮಳೆಗಾಲದಲ್ಲಿ ಡೆಂಗಿ ಶುರುವಾದ ಮೇಲೆ ಪ್ಲೇಟ್‌ಲೆಟ್‌ಗೆ ಹುಡುಕಾಟ.

ಆದ್ದರಿಂದ ಶಿಬಿರಕ್ಕಿಂತ ಮನೆ ಹತ್ತಿರದ ಆಸ್ಪತ್ರೆಯ ರಕ್ತನಿಧಿಗೆ ಸಾಮಾನ್ಯ ದಿನವೊಂದರಲ್ಲಿ ನೀವಾಗಿಯೇ ಹೋಗುವುದು ಮೇಲು. ಬೇಸಿಗೆ ರಜೆಯಲ್ಲಿ ಒಮ್ಮೆ ಹೋದರಂತೂ ಇನ್ನೂ ಒಳ್ಳೆಯದು. ಹಾಗಂತ ಶಿಬಿರ ಬೇಡವೇ ಬೇಡ ಎನ್ನುತ್ತಿಲ್ಲ. ಮೊದಲ ಸಲ ಹೆದರುವವರಿಗೆ ಜೊತೆಗಾರರಿರುವ ಶಿಬಿರವೇ ಸರಿ. ಎರಡನೇ ಸಲದಿಂದ ಒಬ್ಬರೇ ಹೋಗಿ.

ಪ್ಲೇಟ್‌ಲೆಟ್ ಮಾತ್ರ ಕೊಡುವ ದಾರಿಯೂ ಇದೆ. ಯಂತ್ರ ನಿಮ್ಮ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ ಉಳಿದದ್ದನ್ನು ವಾಪಸ್ ಹಾಕುತ್ತದೆ. ಒಂದೂವರೆ, ಎರಡು ಗಂಟೆ ಕೂರಬೇಕು. 48 ಗಂಟೆ ಕಳೆದ ಮೇಲೆ ಮತ್ತೆ ಕೊಡಬಹುದು, ವರ್ಷಕ್ಕೆ 24 ಸಲದವರೆಗೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೂ ಎದ್ದು ಹೋಗಬಲ್ಲವರಿಗೆ ಇದು. ಮನೆ ಆಸ್ಪತ್ರೆಯಿಂದ ಇಪ್ಪತ್ತು ಕಿಲೋಮೀಟರ್ ದೂರ, ನಡುವೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ ಎಂದಾದರೆ ಮೂರು ತಿಂಗಳಿಗೊಮ್ಮೆ ಪೂರ್ಣ ರಕ್ತವೇ ಸಾಕು.

"ನಮ್ಮವರಿಗೆ ಬೇಕಾದಾಗ ಕೊಡ್ತೀನಿ" ಎನ್ನುವವರಿಗೆ ಒಂದು ಮಾತು. ರಾಯಚೂರಿನಿಂದಲೋ ಬೀದರ್‌ನಿಂದಲೋ ರೋಗಿಯನ್ನು ಕರೆದುಕೊಂಡು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬಂದವರಿಗೆ ಈ ಊರಿನಲ್ಲಿ ಯಾರ ಪರಿಚಯವೂ ಇರುವುದಿಲ್ಲ. "ಬದಲಿಗೆ ಎರಡು ಯೂನಿಟ್ ಕೊಡಿಸಿ" ಎಂದು ರಕ್ತನಿಧಿಯವರು ಕೇಳಿದರೆ ಅವರು ಯಾರನ್ನು ಕರೆಯಬೇಕು? ನೀವು ಯಾರ ಹೆಸರೂ ಕೇಳದೆ ಕೊಟ್ಟ ರಕ್ತ ಕಪಾಟಿನಲ್ಲಿ ಇದ್ದರೆ ಮಾತ್ರ ಅವರಿಗೆ ದಾರಿ. ಎಲ್ಲಿ ಎಷ್ಟು ದಾಸ್ತಾನಿದೆ ಎಂದು ಇ-ರಕ್ತಕೋಶ್ ಪೋರ್ಟಲ್‌ನಲ್ಲಿ ನೋಡಬಹುದು.

ಕಣ್ಣು: ಸಹಿಗಿಂತ ಮನೆಯವರ ಜೊತೆ ಮಾತು ದೊಡ್ಡದು

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಪದರವಾಗಿ ಬಿಡಿಸಿ ಬೇರೆ ಬೇರೆಯವರಿಗೆ ಜೋಡಿಸಿದ್ದರಿಂದ ಇದು ಸಾಧ್ಯವಾಯಿತು. 2006ರಲ್ಲಿ ಅವರ ತಂದೆ ಡಾ. ರಾಜ್‌ಕುಮಾರ್ ಕಣ್ಣುಗಳೂ ದಾನವಾಗಿದ್ದವು. ಅಪ್ಪು ಹೋದ ಮೇಲೆ ನೇತ್ರದಾನದ ಅರ್ಜಿ ತುಂಬಲು ಜನ ಸಾಲು ನಿಂತರು.

ಆದರೆ ಅರ್ಜಿ ತುಂಬಿದ್ದಷ್ಟೇ ಸಾಲದು. ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಫೋನ್ ಮಾಡಬೇಕಾದವರು ಮನೆಯವರು. ನಿಮ್ಮ ಕಾರ್ಡ್ ಬೀರುವಿನ ಫೈಲಿನಲ್ಲಿ ಇದ್ದು ಮಕ್ಕಳಿಗೆ ವಿಷಯ ಗೊತ್ತಿಲ್ಲದಿದ್ದರೆ ಏನೂ ಆಗುವುದಿಲ್ಲ. ಅರ್ಜಿ ತುಂಬದಿದ್ದರೂ ಮನೆಯವರು ಒಪ್ಪಿದರೆ ದಾನ ಆಗುತ್ತದೆ. ಹಾಗಾಗಿ ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿಬಿಡಿ. ಕನ್ನಡಕ, ಶುಗರ್, ಪೊರೆ ಆಪರೇಷನ್ ಯಾವುದೂ ಅಡ್ಡಿಯಲ್ಲ, ವಯಸ್ಸೂ ಅಲ್ಲ. ತಂಡ ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆಫ್ ಮಾಡಬೇಕು ಎನ್ನುವುದನ್ನೂ ಆಗಲೇ ಹೇಳಿ. ಖರ್ಚಿಲ್ಲ, ಸಮಯ ಬೇಡ. ಕಷ್ಟ ಎಂದರೆ ಅಮ್ಮನ ಮುಂದೆ ಸಾವಿನ ಮಾತು ತೆಗೆಯುವುದು. "ಬಿಡ್ತು ಅನ್ನು" ಎಂದು ಬೈಸಿಕೊಳ್ಳಲು ತಯಾರಿರಬೇಕು.

ಪರೀಕ್ಷೆ ಬರೆದುಕೊಡುವುದು

ಕಣ್ಣು ಕಾಣದ ವಿದ್ಯಾರ್ಥಿ ಹೇಳಿದ ಉತ್ತರವನ್ನು ಹಾಳೆಯ ಮೇಲೆ ಬರೆಯುವವರನ್ನು ಸ್ಕ್ರೈಬ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದುಕೊಂಡೇ ಸಾವಿರಕ್ಕೂ ಹೆಚ್ಚು ಪರೀಕ್ಷೆ ಬರೆದುಕೊಟ್ಟ ಪುಷ್ಪಾ ಎನ್.ಎಂ. ಅವರಿಗೆ 2018ನೇ ಸಾಲಿನ ನಾರಿ ಶಕ್ತಿ ಪುರಸ್ಕಾರ ಬಂತು.

ಇದು ಸುಲಭದ ಕೆಲಸದಂತೆ ಕಾಣುತ್ತದೆ, ಅಲ್ವಾ? ಎರಡು ತೊಡಕಿವೆ. ಒಂದು, ಪರೀಕ್ಷೆ ನಡೆಯುವುದು ಹೆಚ್ಚಾಗಿ ಕೆಲಸದ ದಿನ. ಮೂರು ಗಂಟೆಯ ಪರೀಕ್ಷೆಗೆ ಗಂಟೆಗೆ 20 ನಿಮಿಷದಂತೆ ಇನ್ನೊಂದು ಗಂಟೆ ಸೇರುತ್ತದೆ. ಹೋಗಿಬರುವುದೂ ಸೇರಿದರೆ ಒಂದು ರಜೆ ಹಾಕಲೇಬೇಕು. ಎರಡು, ಕೇಂದ್ರದ ಮಾರ್ಗಸೂಚಿಯಂತೆ ವಿದ್ಯಾರ್ಥಿ ತಾನೇ ಕರೆತರುವ ಸ್ಕ್ರೈಬ್ ಅವರ ಓದು ವಿದ್ಯಾರ್ಥಿಗಿಂತ ಕಡಿಮೆ ಇರಬೇಕು. ಎಂಜಿನಿಯರಿಂಗ್ ಮುಗಿಸಿದವರು ಎಲ್ಲ ಪರೀಕ್ಷೆಗೂ ಆಗಿಬರುವುದಿಲ್ಲ. ಪಿಯುಸಿ ಓದುವ ನಿಮ್ಮ ಮಗಳು ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರಬಹುದು. ಅದರಲ್ಲೂ ಕನ್ನಡವನ್ನು ಬೇಗ, ತಪ್ಪಿಲ್ಲದೆ ಬರೆಯಬಲ್ಲವರಿಗೆ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಕಾಯುತ್ತಿರುತ್ತಾರೆ. ನೀವು ಹೋಗುವುದಾಗಿ ಒಪ್ಪಿಕೊಂಡ ಮೇಲೆ ತಪ್ಪಿಸುವಂತಿಲ್ಲ. ಆ ಬೆಳಿಗ್ಗೆ ನಿಮಗೆ ಜ್ವರ ಬಂದರೆ ಆ ಹುಡುಗನಿಗೆ ಒಂದು ವರ್ಷ ಹೋಗಬಹುದು. ಮಾತು ಉಳಿಸಿಕೊಳ್ಳುವುದು ಕಷ್ಟ ಎನ್ನುವ ಕೆಲಸದಲ್ಲಿದ್ದರೆ ಇದನ್ನು ಬಿಟ್ಟು ಪಠ್ಯಪುಸ್ತಕ ಓದಿ ಧ್ವನಿಮುದ್ರಿಸುವ ಕೆಲಸ ಹಿಡಿಯಿರಿ. ಅದಕ್ಕೆ ರಾತ್ರಿ ಹನ್ನೊಂದೂ ಆಗುತ್ತದೆ.

ಶಾಲೆ: ಪಾಠ ಮಾಡುವುದಾ, ದುಡ್ಡು ಕೊಡುವುದಾ, ಓಡಾಡುವುದಾ

ಸ್ವಯಂಸೇವೆ ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್, ಕಂಪ್ಯೂಟರ್ ಹೇಳಿಕೊಡುವುದು. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಜನ ಶುರು ಮಾಡಿ ಅರ್ಧಕ್ಕೆ ಬಿಡುವುದೂ ಇದನ್ನೇ. ಕಾರಣ ಮನಸ್ಸಿಲ್ಲದ್ದಲ್ಲ, ವೇಳಾಪಟ್ಟಿ. ಶಾಲೆ ಸೋಮವಾರದಿಂದ ಶನಿವಾರ. ಶನಿವಾರ ಬೆಳಗಿನ ಹೊತ್ತು ಮಾತ್ರ. ಐದು ದಿನ ಆಫೀಸಿಗೆ ಹೋಗುವವರ ಬಿಡುವು ಮತ್ತು ಶಾಲೆಯ ಗಂಟೆ ಕೂಡುವುದು ಶನಿವಾರದ ಮೂರ್ನಾಲ್ಕು ತಾಸು ಅಷ್ಟೇ. ಜೂನ್‌ನಲ್ಲಿ ಉತ್ಸಾಹ, ಗಣೇಶನ ಹಬ್ಬಕ್ಕೆ ಎರಡು ವಾರ ತಪ್ಪುತ್ತದೆ, ದಸರಾ ರಜೆ ಮುಗಿದ ಮೇಲೆ ಆಳೇ ಇಲ್ಲ. ಆರಂಭಶೂರರು ಎಂದು ಹಿರಿಯರು ಕರೆಯುತ್ತಿದ್ದದ್ದು ಇಂಥವರನ್ನೇ. ಮಕ್ಕಳು "ಅಕ್ಕ ಯಾವಾಗ ಬರ್ತಾರೆ" ಎಂದು ಮೇಷ್ಟ್ರನ್ನು ಕೇಳುತ್ತಿರುತ್ತಾರೆ.

ಹೋಗುವುದಾದರೆ ಜೂನ್‌ನಿಂದ ಮಾರ್ಚ್‌ವರೆಗೆ ಅದೇ ತರಗತಿಗೆ ಹೋಗುತ್ತೇನೆ ಎಂಬ ಲೆಕ್ಕ ಇರಲಿ. ಅಷ್ಟು ಆಗದಿದ್ದರೆ ದುಡ್ಡು ಕೊಡಿ, ಅದರಲ್ಲಿ ನಾಚಿಕೆ ಏನಿಲ್ಲ. ಹಳೆಯ ವಿದ್ಯಾರ್ಥಿಗಳು ಸೇರಿ ಊರಿನಲ್ಲೇ ಬಿ.ಇಡಿ. ಮಾಡಿ ಕೆಲಸವಿಲ್ಲದೆ ಇರುವ ಒಬ್ಬರಿಗೆ ಗೌರವಧನ ಕೊಟ್ಟು ಗಣಿತಕ್ಕೋ ಇಂಗ್ಲಿಷಿಗೋ ಇಡುವುದುಂಟು. ಆ ಟೀಚರ್ ವಾರಕ್ಕೆ ಆರು ದಿನ ಬರುತ್ತಾರೆ. ನಿಮ್ಮ ಶನಿವಾರಕ್ಕಿಂತ ಅದು ಎಷ್ಟೋ ಮೇಲು.

ಮೂರನೆಯದು ಓಡಾಟ. ಇದಕ್ಕೆ ಯಾರೂ ಮುಂದೆ ಬರುವುದಿಲ್ಲ. ಮಂಗಳೂರಿನ ಹತ್ತಿರದ ಹರೇಕಳದ ಹಾಜಬ್ಬ ಅವರ ಕಥೆ ಎಲ್ಲರಿಗೂ ಗೊತ್ತು. ಕಿತ್ತಳೆ ಮಾರಿ ಉಳಿಸಿದ ಹಣದಲ್ಲಿ ಊರಿಗೆ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಕಿತ್ತಳೆ ಮಾರಿದ ದುಡ್ಡನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಬುಟ್ಟಿ ಹೊತ್ತು ಎಷ್ಟು ಕಿತ್ತಳೆ ಮಾರಿದರೆ ಒಂದು ಶಾಲೆ ಆದೀತು? ಅನುಮತಿ, ಜಾಗ, ಅನುದಾನ ಎಂದು ಅವರು ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಹತ್ತಿದ್ದರಲ್ಲ, ಆ ಹಟದಿಂದ ಶಾಲೆ ನಿಂತಿತು. ಇವತ್ತಿಗೂ ಎಷ್ಟೋ ಶಾಲೆಗಳಲ್ಲಿ ಶೌಚಾಲಯ ರಿಪೇರಿಗೋ ಕೊಠಡಿಗೋ ಬರೆದ ಅರ್ಜಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಯಾವ ಟೇಬಲ್ ಮೇಲಿದೆ ಎಂದು ವಿಚಾರಿಸುವವರು ಬೇಕು. ಮುಖ್ಯ ಶಿಕ್ಷಕರಿಗೆ ಪಾಠ ಬಿಟ್ಟು ಹೋಗಲಾಗದು. ಶಾಲಾಭಿವೃದ್ಧಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ಪೋಷಕರಿಗೆ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಕಡತ ಎಂದರೇನೆಂದು ಅರೆದು ಕುಡಿದಿರುವ ನಿವೃತ್ತ ಗುಮಾಸ್ತರೊಬ್ಬರು ತಿಂಗಳಿಗೆ ಎರಡು ದಿನ ಕೊಟ್ಟರೆ ಸಾಕು. ನಿವೃತ್ತರು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ.

ಅನ್ನ

ಅನ್ನದಾನ ನಮ್ಮಲ್ಲಿ ಹಳೆಯದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು ಓದಿದ್ದು ಶಿವಕುಮಾರ ಸ್ವಾಮೀಜಿಯವರ ದುಡಿಮೆಯಿಂದ, ಜೊತೆಗೆ ರೈತರು ಬೆಳೆದದ್ದರಲ್ಲಿ ತಂದುಕೊಟ್ಟ ರಾಗಿ, ಅಕ್ಕಿ, ತೆಂಗಿನಕಾಯಿಯಿಂದ.

ಈಗ ಜಾಸ್ತಿ ಕಾಣುವುದು ಹುಟ್ಟುಹಬ್ಬದ ಊಟ. ಆಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ, ಮಕ್ಕಳ ಜೊತೆ ಫೋಟೊ. ಉದ್ದೇಶ ಒಳ್ಳೆಯದೇ. ಆದರೆ ಭಾನುವಾರ, ಹಬ್ಬದ ದಿನ ಮೂರು ಮನೆಯವರ ಸಿಹಿ ಒಟ್ಟಿಗೇ ಬರುತ್ತದೆ, ಮಂಗಳವಾರ ಯಾರೂ ಇಲ್ಲ. ಮೊದಲೇ ಫೋನ್ ಮಾಡಿ "ಯಾವ ದಿನ ಖಾಲಿ ಇದೆ, ಏನು ಬೇಕು" ಎಂದು ಕೇಳಿ. ಬೇಳೆ, ಎಣ್ಣೆ, ಗ್ಯಾಸ್ ಸಿಲಿಂಡರ್ ಎನ್ನಬಹುದು. ಸ್ಯಾನಿಟರಿ ಪ್ಯಾಡ್ ಎನ್ನಬಹುದು. ಅದನ್ನೇ ಕೊಡಿ. ಫೋಟೊ ಬೇಡ. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲಾಗುವಂತೆ ಎಲ್ಲೂ ಪ್ರಕಟಿಸಬಾರದು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಬಿಡಿ, ನಿಮ್ಮ ಮಗು ಊಟದ ತಟ್ಟೆ ಹಿಡಿದು ನಿಂತ ಫೋಟೊ ಯಾರದೋ ಸ್ಟೇಟಸ್‌ನಲ್ಲಿ ಬಂದರೆ ಸುಮ್ನೆ ಇರುತ್ತೀರಾ?

ಶಾಲೆ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಸರ್ಕಾರದಿಂದಲೇ ಇದೆ. ಖಾಲಿ ಉಳಿಯುವುದು ಸಂಜೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಶಾಲೆ ಬಿಟ್ಟ ಮೇಲೂ ವಿಶೇಷ ತರಗತಿ ನಡೆಸುವ ಕಡೆ ಮಕ್ಕಳು ಹಸಿದು ಕೂತಿರುತ್ತಾರೆ. ಆ ಎರಡು ತಿಂಗಳು ಬಾಳೆಹಣ್ಣು, ಕಡಲೆಕಾಯಿ, ಉಪ್ಪಿಟ್ಟಿನ ಖರ್ಚು ವಹಿಸಿಕೊಂಡರೆ ಒಂದು ದಿನದ ಹೋಳಿಗೆ ಊಟಕ್ಕಿಂತ ಕೆಲಸಕ್ಕೆ ಬರುತ್ತದೆ.

ಮದುವೆಯಲ್ಲಿ ಮಿಕ್ಕ ಅಡುಗೆ ಹಂಚುವ ತಂಡಗಳೂ ಇವೆ. ರಾಬಿನ್ ಹುಡ್ ಆರ್ಮಿಯಂಥವರು ದುಡ್ಡು ತೆಗೆದುಕೊಳ್ಳುವುದೇ ಇಲ್ಲ, ಆಹಾರ ಮತ್ತು ಓಡಾಡುವ ಕೈಗಳು ಸಾಕು ಎನ್ನುತ್ತಾರೆ. ಫೋನ್ ಮಾತ್ರ ಮೊದಲ ಪಂಕ್ತಿ ಏಳುವ ಮುಂಚೆ ಮಾಡಬೇಕು. ಮಧ್ಯಾಹ್ನ ಮಾಡಿದ ಸಾಂಬಾರ್ ಬಗ್ಗೆ ಸಂಜೆ ಆರಕ್ಕೆ ಕರೆದರೆ ಅದನ್ನು ಯಾರಿಗೂ ಬಡಿಸುವಂತಿರುವುದಿಲ್ಲ.

ಗಿಡ, ಕೆರೆ

ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಡಲು ಜನ ಬೇಕಾದಷ್ಟು ಸಿಗುತ್ತಾರೆ, ಫೆಬ್ರವರಿಯಲ್ಲಿ ನೀರು ಹಾಕಲು ಯಾರೂ ಇರುವುದಿಲ್ಲ. ಮಾಗಡಿ ಸೀಮೆಯ ಹುಲಿಕಲ್-ಕುದೂರು ರಸ್ತೆಯ ಆಲದ ಮರಗಳನ್ನು ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ನೆಟ್ಟರು ಎನ್ನುವುದಕ್ಕಿಂತ ಉಳಿಸಿದರು ಎನ್ನಬೇಕು. ಕೊಡದಲ್ಲಿ ನೀರು ಹೊತ್ತರು, ದನ ತಿನ್ನದಂತೆ ಸುತ್ತ ಮುಳ್ಳು ಕಟ್ಟಿದರು. ನಿಮ್ಮ ಬೀದಿಯಲ್ಲಿ ಆಗಲೇ ನೆಟ್ಟು ಒಣಗುತ್ತಿರುವ ಗಿಡಕ್ಕೆ ಎರಡು ಬೇಸಿಗೆ ನೀರು ಹಾಕಿ. ಹೊಸದು ನೆಡುವ ಕಾರ್ಯಕ್ರಮಕ್ಕಿಂತ ಅದೇ ವಾಸಿ. ಕೆರೆಯೂ ಹಾಗೆಯೇ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು ಕೈಗೆತ್ತಿಕೊಂಡರು. ಅಂಥ ಕಡೆ ಬೇಕಾಗುವುದು ಒಂದು ಭಾನುವಾರ ಕಸ ಹೆಕ್ಕುವವರಿಗಿಂತ ತೋಟಗಾರರ ಸಂಬಳಕ್ಕೆ ತಿಂಗಳು ತಿಂಗಳು ಹಣ ಹಾಕುವವರು.

ದುಡ್ಡು ಕೊಡುವುದಾದರೆ

ಮೇಲಿನದೆಲ್ಲ ಓದಿ ನನ್ನ ಕೈಲಿ ದುಡ್ಡು ಕೊಡುವುದೇ ಸಾಧ್ಯ ಅನಿಸಿದರೆ ಅದು ಕಡಿಮೆ ದರ್ಜೆಯದಲ್ಲ. ವರ್ಷಕ್ಕೊಮ್ಮೆ ಹನ್ನೆರಡು ಸಾವಿರ ಕೊಡುವುದಕ್ಕಿಂತ ತಿಂಗಳಿಗೆ ಒಂದು ಸಾವಿರ ಮೇಲು. ಸಂಬಳ, ಬಾಡಿಗೆ ಕಟ್ಟಬೇಕಾದ ಸಣ್ಣ ಸಂಸ್ಥೆಗೆ ಮುಂದಿನ ತಿಂಗಳು ಎಷ್ಟು ಬರುತ್ತದೆ ಎಂದು ಗೊತ್ತಿರುವುದೇ ದೊಡ್ಡ ಸಹಾಯ. ಮೂರು ಕಡೆ ಚೂರು ಚೂರು ಹಂಚುವುದಕ್ಕಿಂತ ಒಂದೇ ಕಡೆ ನಿಲ್ಲಿ. ವರ್ಷಕ್ಕೊಮ್ಮೆ ಹೋಗಿ ಲೆಕ್ಕ ಕೇಳಿ. ವಾರ್ಷಿಕ ವರದಿ ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೆ ಮುಗಿಯಿತು.

ತೆರಿಗೆ ವಿನಾಯಿತಿ ಆಸೆ ಇದ್ದರೆ ಸಂಸ್ಥೆಗೆ 80ಜಿ ಎಂದು ಕರೆಯುವ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಇರಬೇಕು, ದೇಣಿಗೆ ಪ್ರಮಾಣಪತ್ರ ಕೇಳಿ ತೆಗೆದುಕೊಳ್ಳಬೇಕು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ವಿನಾಯಿತಿ ಇಲ್ಲ. ಅಕ್ಕಿ ಮೂಟೆ, ಬಟ್ಟೆ ಕೊಟ್ಟರೂ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮೊದಲೇ ಇಲ್ಲ. ಈಗ ಸಂಬಳದಾರರಲ್ಲಿ ಅವರೇ ಬಹಳ, ಹಾಗಾಗಿ ರಶೀದಿಗಾಗಿ ದೊಡ್ಡ ಸಂಸ್ಥೆಯನ್ನೇ ಹುಡುಕಬೇಕಾಗಿಲ್ಲ. ಊರಿನ ಗ್ರಂಥಾಲಯಕ್ಕೂ ಕೊಡಬಹುದು.

ಚಿಕಿತ್ಸೆಗೆ ಹಣ ಬೇಕೆಂಬ ಸಂದೇಶ ಬಂದರೆ ಆಸ್ಪತ್ರೆಯಲ್ಲಿ ರೋಗಿಗೆ ಕೊಟ್ಟ ನೋಂದಣಿ ಸಂಖ್ಯೆ ಕೇಳಿ ನೇರ ಆಸ್ಪತ್ರೆಯ ಖಾತೆಗೆ ಹಾಕಿ. ನೆರೆ ಬಂದಾಗಲೂ ದುಡ್ಡೇ ಸರಿ. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಗೆ ಲಾರಿಗಟ್ಟಲೆ ಸಾಮಾನು ಹೋಯಿತು. ಇಂಥ ಹೊತ್ತಿನಲ್ಲಿ ಮೊದಲು ರಾಶಿ ಬೀಳುವುದು ಹಳೆ ಬಟ್ಟೆ. ಅದನ್ನು ವಿಂಗಡಿಸಲು ಮತ್ತಷ್ಟು ಜನ ಬೇಕಾಗುತ್ತದೆ.

ಹೊರದೇಶದಲ್ಲಿರುವವರಿಗೆ

ಇಲ್ಲಿ ಕಾನೂನು ಮೊದಲು ನೋಡಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಸಂಸ್ಥೆ ಪಾಸ್‌ಪೋರ್ಟ್ ಪ್ರತಿ ಕೇಳಿದರೆ ಕೊಡಿ. ಅಮೆರಿಕದ್ದೋ ಬ್ರಿಟನ್ನಿನದೋ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು. ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ. ಊರಿನ ಸಣ್ಣ ಟ್ರಸ್ಟ್‌ಗಳ ಬಳಿ ಹೆಚ್ಚಾಗಿ ಈ ನೋಂದಣಿ ಇರುವುದಿಲ್ಲ. ನೀವು ಪ್ರೀತಿಯಿಂದ ಕಳಿಸಿದ ಡಾಲರ್ ಅವರಿಗೆ ನೋಟಿಸ್ ತರಿಸಬಹುದು. ಹೈಸ್ಕೂಲಿನ ಹಳೆಯ ವಿದ್ಯಾರ್ಥಿ ಸಂಘದ ಖಾತೆಗೆ ಹಣ ಹಾಕುವ ಮುನ್ನ ಅವರ ಆಡಿಟರ್ ಹತ್ತಿರ ಒಮ್ಮೆ ಮಾತಾಡಿ. ದುಡ್ಡು ಹಾಗೆ ಕಳಿಸಲು ಆಗದಿದ್ದರೆ ಕನ್ನಡ ವಿಕಿಪೀಡಿಯಕ್ಕೆ ಬರೆಯುವುದು, ಊರಿನ ಮಕ್ಕಳಿಗೆ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಇಂಗ್ಲಿಷ್ ಮಾತಾಡಿಸುವುದು ಇದ್ದೇ ಇದೆ. ನಿಮ್ಮ ರಾತ್ರಿ ಅವರಿಗೆ ಬೆಳಿಗ್ಗೆ ಆಗುವ ಕಡೆ ಇದ್ದರೆ ಸಮಯವೂ ಹೊಂದುತ್ತದೆ.